ಅತ್ತೆಯ ಹೆಸರಿನ ಜೀರುಂಡೆ

"ಇವನ ಕಣ್ಣಿಗೆ ಜೀರುಂಡೆಗೂ ಅಂಗಿ ಗುಂಡಿಗೂ ವ್ಯತ್ಯಾಸ ಕಾಣಲ್ಲ ಮೇಡಂ. ಯಾವುದಾದ್ರೂ ದರ್ಜಿ ಅಂಗಡಿಗೆ ಕಳಿಸಿಬಿಡಿ. ಅಲ್ಲಿ ದಿನಕ್ಕೊಂದು ಹೊಸ ಪ್ರಭೇದ ಕಂಡುಹಿಡ್ಕೊಂಡು ಸುಖವಾಗಿರ್ತಾನೆ."

ಹೀಗೆ ಹೇಳಿದವರು ಹೊರಗಿನವರಾಗಿದ್ದರೆ ತಡೆದುಕೊಳ್ಳಬಹುದಿತ್ತು. ಹೇಳಿದ್ದು ಸ್ವಂತ ಸೋದರಮಾವ. ಅದೂ ಮ್ಯೂಸಿಯಮ್ಮಿನ ಕೀಟ ವಿಭಾಗದವರೆಲ್ಲ ಉದ್ದನೆಯ ಮೇಜಿನ ಸುತ್ತ ಚಹಾದ ಲೋಟ ಹಿಡಿದು ನಿಂತಿದ್ದಾಗ. ಚಿಟ್ಟೆ ನೋಡಿಕೊಳ್ಳುವ ಚಿಟ್ಟೆಸಾಹೇಬರು ನಗು ತಡೆಯಲಾರದೆ ಚಹಾವನ್ನು ಮೂಗಿಗೆ ಹತ್ತಿಸಿಕೊಂಡು ಕೆಮ್ಮಿದರು. ವಿಭಾಗದ ಮುಖ್ಯಸ್ಥೆ ಮೇಡಂ ಕಿಟಕಿಯ ಕಡೆ ತಿರುಗಿದರು. ಅವರ ಭುಜ ಮಾತ್ರ ಕುಣಿಯುತ್ತಿತ್ತು.

ತೆರೆದ ಡಬ್ಬಿ ಹಿಡಿದು ನಿಂತಿದ್ದ ಅಳಿಯನನ್ನು ಮ್ಯೂಸಿಯಮ್ಮಿನಲ್ಲಿ ಎಲ್ಲರೂ ಕಿಡಿ ಎಂದೇ ಕರೆಯುತ್ತಿದ್ದರು. ಅವನ ಕೋಪ ಮೂಗಿನ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿತ್ತು. ಓದು ಅರ್ಧಕ್ಕೆ ಬಿಟ್ಟದ್ದೂ ಒಂದು ಜಗಳದಲ್ಲೇ. ಯಾವ ಜಗಳ ಎಂದು ಕೇಳಿದವರ ಜೊತೆ ಇನ್ನೊಂದು ಜಗಳ. ಮಾತಿಗೆ ಮಾತು ಕೊಡದೆ ಅವನು ಬಿಟ್ಟದ್ದನ್ನು ಕಂಡವರಿರಲಿಲ್ಲ. ಅಂಥವನು ಆ ಹೊತ್ತು ಬಾಯಿ ತೆರೆದ, ಮುಚ್ಚಿದ, ಮತ್ತೆ ಡಬ್ಬಿಯೊಳಗೆ ನೋಡಿದ. ಡಬ್ಬಿಯ ತಳದಲ್ಲಿ ಕೂತಿದ್ದ ಹುಳ ಹಳೆಯ ಇಟ್ಟಿಗೆಯ ಹಾಗೆ ಕೆಂಪಗಿತ್ತು. ಅವನ ಕಿವಿಗಳೂ ಅದೇ ಬಣ್ಣಕ್ಕೆ ತಿರುಗಿದ್ದವು.

ಆದದ್ದು ಇಷ್ಟು. ಮ್ಯೂಸಿಯಮ್ಮಿನ ಹಿಂದೆ ಬಸ್ ಡಿಪೋ ಇದೆ. ಡಿಪೋದ ಗೋಡೆಗೆ ನೇರಳೆ ಹೂವಿನ ಬಳ್ಳಿಯೊಂದು ಹಬ್ಬಿಕೊಂಡಿದೆ. ಆ ದಿನ ಬೆಳಿಗ್ಗೆ ಮಾವ ಮುಂದೆ ಹೋದ ಮೇಲೆ ಅಲ್ಲಿ ಹಾದುಬರುವಾಗ ಎಲೆಯೊಂದರ ಮೇಲೆ ಚಿನ್ನದ ಮಣಿಯೊಂದು ಅಂಟಿಕೊಂಡಂತೆ ಕಿಡಿಗೆ ಕಂಡಿತು. ಜೇಬಿನ ಮಸೂರ ತೆಗೆದು, ಉಸಿರು ಬಿಗಿಹಿಡಿದು ನೋಡಿದರೆ ಆಮೆ ಜೀರುಂಡೆ. ಕಿರುಬೆರಳಿನ ಉಗುರಿನಷ್ಟು ದೊಡ್ಡದು. ತಲೆ ಕಾಲು ಯಾವುದೂ ಹೊರಗೆ ಕಾಣದಂತೆ ಬೆನ್ನಿನ ಮೇಲೆ ಗುಮ್ಮಟದಂಥ ಚಿಪ್ಪು, ಚಿಪ್ಪಿನ ಸುತ್ತ ಗಾಜಿನ ಹಾಗೆ ತೆಳ್ಳಗಿನ ಅಂಚು. ಗುಮ್ಮಟ ಅಪ್ಪಟ ಚಿನ್ನ. ಅಂಚು ಮಾತ್ರ ಕಿರಿದು.

ಈ ಅಂಚೇ ಅವನ ಎದೆ ಹಾರಿಸಿದ್ದು. ಆ ಬಳ್ಳಿಯ ಮೇಲೆ ಬದುಕುವ ಆಮೆ ಜೀರುಂಡೆಗಳಲ್ಲಿ ಎರಡು ಪ್ರಭೇದ ಎಂದು ವಿಭಾಗದ ಬೀರು ಹೇಳುತ್ತಿತ್ತು. ಒಂದು, ಎಂದೋ ಸತ್ತುಹೋದ ಯಾರೋ ಹಳಬ ಹೆಸರಿಟ್ಟದ್ದು: ಮೈ ಕೆಂಪು, ಅಂಚು ಕಿರಿದು. ಇನ್ನೊಂದು ಮಾವನದು: ಮೈ ಚಿನ್ನ, ಅಂಚು ಅಗಲ. ಮದುವೆಯಾದ ಹೊಸತರಲ್ಲಿ ಮಾವ ಅದನ್ನು ಕಂಡುಹಿಡಿದು, ಹೆಂಡತಿಯ ಹೆಸರಿಗೆ ಲ್ಯಾಟಿನ್ ಬಾಲ ಕಟ್ಟಿ ಅದಕ್ಕೆ ಇಟ್ಟಿದ್ದರು. ಬದುಕಿಡೀ ಅವರು ಹೆಸರಿಟ್ಟ ಪ್ರಭೇದ ಅದೊಂದೇ. ಈಗ ಕಿಡಿಯ ಎದುರಿಗೆ ಇದ್ದದ್ದು ಚಿನ್ನದ ಮೈ, ಕಿರಿದಾದ ಅಂಚು. ಹಳಬನದೂ ಅಲ್ಲ, ಮಾವನದೂ ಅಲ್ಲ. ಅಂದರೆ ಮೂರನೆಯದು. ಅಂದರೆ ಹೊಸದು. ಅಂದರೆ ತನ್ನದು.

ಡಬ್ಬಿಗೆ ಹಾಕಿಕೊಂಡು ಮೆಟ್ಟಿಲನ್ನು ಮೂರು ಮೂರಾಗಿ ಹಾರಿ ಬಂದ. ಎಲ್ಲರೂ ಚಹಾಕ್ಕೆ ಸೇರಿದ್ದು ನೋಡಿ ಇನ್ನೂ ಹುಮ್ಮಸ್ಸು ಬಂತು. ಇವತ್ತು ಈ ಮೇಜಿನ ಮೇಲೆ ಚಿನ್ನ ಬೀಳುತ್ತೆ ನೋಡಿ ಎಂದು ಸಾರಿ, ಮುಚ್ಚಳ ತೆಗೆದ. ಒಳಗೆ ಇದ್ದದ್ದು ಕೆಂಪು ಹುಳ. ಬೀರುವಿನಲ್ಲಿ ಸಾಲುಸಾಲಾಗಿ ಚುಚ್ಚಿಟ್ಟಿರುವ, ಮಕ್ಕಳ ಪುಸ್ತಕದಲ್ಲೂ ಚಿತ್ರವಿರುವ, ಅದೇ ಹಳಬನ ಹುಳ.

ದಾರಿಯಲ್ಲಿ ಯಾರೋ ಬದಲಾಯಿಸಿದರು ಎನ್ನುವಂತಿಲ್ಲ. ಡಬ್ಬಿ ಅವನ ಮುಷ್ಟಿಯಲ್ಲೇ ಇತ್ತು. ನೋಡಿದ್ದು ಚಿನ್ನವೇ ಎಂದು ಅವನು ಗಂಟಲು ಹರಿಯುವ ಹಾಗೆ ಹೇಳಿದ. ಬೆಳಗಿನ ಬಿಸಿಲಿಗೆ ಡಿಪೋದ ಗೋಡೆಯೂ ಚಿನ್ನವೇ ಎಂದರು ಚಿಟ್ಟೆಸಾಹೇಬರು. ಮೇಡಂ ಇಬ್ಬರನ್ನೂ ಸುಮ್ಮನಾಗಿಸಿ ತೀರ್ಪು ಕೊಟ್ಟರು. ಮುಂದಿನ ತಿಂಗಳ ಕೊನೆಯ ಸಭೆಯೊಳಗೆ ಕಿಡಿ ತನ್ನ ಚಿನ್ನವನ್ನು ತೋರಿಸಬೇಕು. ತೋರಿಸಲಾಗದಿದ್ದರೆ ಎಲೆ ಜೀರುಂಡೆಗಳ ಮೇಜಿನಿಂದ ಎದ್ದು ಮೂಳೆ ಕೋಣೆಗೆ ವಾಪಸ್ಸು. ಕಾಣದ್ದನ್ನು ಕಂಡೆ ಎನ್ನುವವರ ಕೈಗೆ ಈ ಬೀರು ಕೊಡೋಕಾಗಲ್ಲಪ್ಪ ಎಂದು ಮೆತ್ತಗೇ ಹೇಳಿದರು. ಮೆತ್ತಗೆ ಹೇಳಿದ್ದಕ್ಕೇ ಅದು ಹೆಚ್ಚು ಚುಚ್ಚಿತು.

ಮೂಳೆ ಕೋಣೆ ನೆಲಮಾಳಿಗೆಯಲ್ಲಿದೆ. ಸತ್ತ ಪ್ರಾಣಿಗಳ ತಲೆಬುರುಡೆಗಳನ್ನು ಹಂಡೆಯಲ್ಲಿ ಕುದಿಸಿ, ಮಾಂಸ ಬಿಡಿಸಿ, ಬ್ರಷ್ಷಿನಿಂದ ಉಜ್ಜುವ ಕೆಲಸ. ಕಿಡಿ ಮ್ಯೂಸಿಯಮ್ಮಿಗೆ ಸೇರಿದ್ದು ಅಲ್ಲಿಗೇ. ಆ ದಿನಗಳಲ್ಲಿ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಸದಾ ಖಾಲಿ. ಎಲೆ ಜೀರುಂಡೆಗಳ ಮೇಜಿಗೆ ಬಂದ ಮೇಲೆ ಅವನ ಬದುಕಿಗೇ ಕಿಟಕಿ ತೆರೆದಂತಾಗಿತ್ತು. ಹಸಿರು, ನೀಲಿ, ತಾಮ್ರ, ಮಸಿ ಚೆಲ್ಲಿದಂಥವು, ಗೆರೆ ಎಳೆದಂಥವು, ಒಂದೊಂದು ಡ್ರಾಯರ್ ಎಳೆದಾಗಲೂ ಯಾರೋ ರತ್ನದ ಅಂಗಡಿಯ ಬಾಗಿಲು ತೆಗೆದಂತೆ. ಕಾಲಿನ ಗಂಟು, ಮೀಸೆಯ ಎಸಳು ಎಣಿಸಿ ಇದು ಇಂಥ ಮನೆತನದ್ದು, ಇಂಥ ಪಂಗಡದ್ದು ಎಂದು ಬೇರೆಬೇರೆ ಮಾಡುವಾಗ ಅವನ ಕೋಪ ಎಲ್ಲಿಗೋ ಎದ್ದು ಹೋಗಿರುತ್ತಿತ್ತು. ಅಷ್ಟು ಶಾಂತವಾಗಿ ಅವನು ಬೇರೆಲ್ಲೂ ಕೂತವನಲ್ಲ. ಈಗ ಆ ಕುರ್ಚಿಯೇ ಹೋಗುವುದರಲ್ಲಿತ್ತು.

ಮನೆಯಲ್ಲೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಅವನಿದ್ದದ್ದೇ ಮಾವ, ಅತ್ತೆಯ ಮನೆಯಲ್ಲಿ, ಮೂರನೆಯ ಮಹಡಿಯಲ್ಲಿ. ಮಾವನಿಗೆ ನಿವೃತ್ತಿಯಾಗಿ ವರ್ಷಗಳಾಗಿದ್ದವು. ಆದರೂ ದಿನವೂ ಎಲ್ಲರಿಗಿಂತ ಮೊದಲು ಮ್ಯೂಸಿಯಮ್ಮಿನ ಬಾಗಿಲಲ್ಲಿ ಅವರೇ. ಹೋಗುವಾಗ ಬರುವಾಗ ಇಬ್ಬರೂ ಒಂದೇ ಬಸ್ಸು. ಗುಂಡಿಯ ಪ್ರಸಂಗ ಆದ ದಿನ ಸಂಜೆ ಕಿಡಿ ಬೇಕೆಂದೇ ಹಿಂದಿನ ಸೀಟಿನಲ್ಲಿ ಕೂತ. ಮನೆಗೆ ಬಂದು ಮುಖ ಊದಿಸಿಕೊಂಡು ಊಟಕ್ಕೆ ಕೂತ. ಎದುರಿನ ಗೋಡೆಯ ಮೇಲೆ ಚೌಕಟ್ಟು ಹಾಕಿದ ಚಿತ್ರವೊಂದು ತೂಗುತ್ತಿತ್ತು. ಮಾವ ತಾವೇ ಬರೆದ ಬಣ್ಣದ ಚಿತ್ರ, ಚಿನ್ನದ ಜೀರುಂಡೆ, ಕೆಳಗೆ ಬಾಲ ಹಚ್ಚಿದ ಅತ್ತೆಯ ಹೆಸರು. ಮನೆಗೆ ಯಾರೇ ಬಂದರೂ ಮಾವ ಮೊದಲು ಆ ಚಿತ್ರ ತೋರಿಸಿ, ಆಮೇಲೆ ಅತ್ತೆಯನ್ನು ತೋರಿಸುತ್ತಿದ್ದರು. ಆ ಚಿತ್ರ ಅವತ್ತು ಅವನ ಕಣ್ಣಿಗೆ ಅಣಕಿಸುವಂತೆ ಕಂಡಿತು.

ಮಾರನೆಯ ದಿನದಿಂದ ಶುರುವಾಯಿತು ಕಿಡಿಯ ಹಟ. ಡಿಪೋದ ಗೋಡೆಯಿಂದ ಇನ್ನೊಂದು ಚಿನ್ನ ಹುಡುಕಿ ತಂದ. ಈ ಸಲ ಬಳ್ಳಿಯ ತುಂಡಿನ ಸಮೇತ ಗಾಜಿನ ಜಾಡಿಗೆ ಇಳಿಸಿ, ಬಾಯಿಗೆ ಬಲೆಬಟ್ಟೆ ಕಟ್ಟಿದ. ಮೆಟ್ಟಿಲು ಹತ್ತುವ ಹೊತ್ತಿಗೆ ಜಾಡಿಯಲ್ಲಿ ಮತ್ತೆ ಕೆಂಪು. ಫೋನಿನಲ್ಲಿ ಫೋಟೋ ತೆಗೆದು ಮಾವನ ಮೂಗಿಗೆ ಹಿಡಿದ. ಬೆಳಕು ಬಿದ್ದರೆ ಚಮಚವೂ ಚಿನ್ನವೇ, ಫೋಟೋ ನೋಡಿ ಪ್ರಭೇದ ಹೇಳುವವನು ಜಾತಕ ನೋಡಿ ಜ್ವರ ಹೇಳುವವನಿಗೆ ಸಮ ಎಂದು ಮಾವ ಮಸೂರ ಒರೆಸುತ್ತಾ ಕೂತರು. ಸಾಯಿಸಿ ತರೋಣವೆಂದರೆ ಅದೂ ಉಪಯೋಗವಿಲ್ಲ. ಚಿನ್ನ ಆ ಹುಳದ ಜೀವದ ಜೊತೆಗೇ ಹೋಗಿಬಿಡುತ್ತದೆ. ಡ್ರಾಯರಿನಲ್ಲಿ ಮಾವನ ಹುಳಗಳೂ ಹಳಬನ ಹುಳಗಳೂ ಒಂದೇ ಒಣ ಎಲೆಯ ಬಣ್ಣಕ್ಕೆ ತಿರುಗಿ ಮಲಗಿದ್ದವು. ಬದುಕಿದ್ದಾಗ ಚಿನ್ನವೋ ಕೆಂಪೋ ಎಂಬುದಕ್ಕೆ ಹಿಡಿದವರ ಮಾತೇ ಆಧಾರ. ಮಾವನ ಮಾತಿಗೆ ಬೆಲೆಯಿತ್ತು. ಕಿಡಿಯ ಮಾತಿಗೆ ಇರಲಿಲ್ಲ, ಅಷ್ಟೇ.

ಹುಳವನ್ನು ಮ್ಯೂಸಿಯಮ್ಮಿಗೆ ಒಯ್ಯುವುದು ಬಿಟ್ಟು ಮನೆಗೇ ಒಯ್ಯುತ್ತೇನೆ ಎಂದು ಕಿಡಿ ನಿರ್ಧರಿಸಿದ. ಹಿಂದಿನ ಬಾಲ್ಕನಿಯಲ್ಲಿ, ಬಟ್ಟೆ ಒಣಹಾಕುವ ಹಗ್ಗದ ಕೆಳಗೆ, ಜಾಡಿಗಳು ಸಾಲುಗಟ್ಟಿದವು. ಬಳ್ಳಿಯ ತುಂಡೊಂದನ್ನು ಬಕೆಟ್ಟಿನ ಮಣ್ಣಿನಲ್ಲಿ ನೆಟ್ಟ. ಮಾವ ಬಾಲ್ಕನಿಗೆ ಬರುವವರಲ್ಲ. ಅಲ್ಲಿಗೆ ಬಂದರೆ ಬಟ್ಟೆ ಮಡಚಲು ಅತ್ತೆ ಹೇಳುತ್ತಾರೆ ಎಂಬ ಭಯ.

ಅತ್ತೆ ಮಾತ್ರ ದಿನಕ್ಕೆ ಹತ್ತು ಸಲ ಬರುತ್ತಿದ್ದರು. ಅವರಿಗೆ ಹುಳವೆಂದರೆ ಅಷ್ಟಕ್ಕಷ್ಟೆ. ಆದರೆ ಹುಳ ಸಾಕುವವನ ಮೇಲೆ ಜೀವ. ಜಾಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ ಅಳಿಯನ ಪಕ್ಕ ಚಹಾ ಇಟ್ಟು, ಏನಂತೆ ನಿನ್ನ ಬಾಣಂತಿಯರು ಎಂದು ಕೇಳಿ ಹೋಗುತ್ತಿದ್ದರು.

ಕೂತು ನೋಡುವುದಕ್ಕೆ ತಾಳ್ಮೆ ಬೇಕು. ಕಿಡಿಗೆ ತಾಳ್ಮೆಯ ಬದಲು ಹಟ ಇತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ. ಎಲೆಯಲ್ಲಿ ತೂತು ಕೊರೆಯುತ್ತಾ ಮೇಯುವಾಗ ಹುಳ ಚಿನ್ನ. ಬಾಲ್ಕನಿಯ ಬಾಗಿಲು ದಢಾರನೆ ಬಡಿಯಿತೋ, ಬೆಳಗಿನ ಮಂಜು ಸರಿದಂತೆ ಅಂಚಿನ ಕಡೆಯಿಂದ ಚಿನ್ನ ಕರಗಿ ಕೆಂಪು ಮೂಡುತ್ತಿತ್ತು. ಸುಮ್ಮನೆ ಬಿಟ್ಟರೆ ಸ್ವಲ್ಪ ಹೊತ್ತಿಗೆ ಮತ್ತೆ ಚಿನ್ನ. ಬೆರಳು ತಾಗಿಸಿದ: ಕೆಂಪು. ಕೈ ಹಿಂದಕ್ಕೆ ತೆಗೆದ, ಕಾದ: ಚಿನ್ನ. ಚಿಪ್ಪಿನ ಪದರಗಳ ನಡುವಿನ ತೇವ ಹೆಚ್ಚು ಕಡಿಮೆಯಾದಂತೆ ಹೊಳಪು ಬಂದು ಹೋಗುತ್ತದೆ ಎಂದು ಆಮೇಲೆ ಅವನು ಓದಿ ತಿಳಿದುಕೊಂಡ. ಆ ಹೊತ್ತಿಗೆ ಅವನಿಗೆ ಅರ್ಥವಾದದ್ದು ಒಂದೇ. ಇದಕ್ಕೂ ನನ್ನ ಹಾಗೇ ಮುಖಕ್ಕೆ ಬಣ್ಣ ಏರುತ್ತೆ.

ಡಬ್ಬಿಯಲ್ಲಿ ಕುಲುಕಿ, ಮೆಟ್ಟಿಲು ಹಾರಿಸಿ, ಮೇಜಿಗೆ ಕುಕ್ಕಿದರೆ ಯಾವ ಹುಳ ಚಿನ್ನವಾಗಿ ಕೂತೀತು? ಕಿಡಿ ಬಾಲ್ಕನಿಯಲ್ಲಿ ಒಬ್ಬನೇ ನಕ್ಕ. ಸುಳ್ಳುಗಾರ ಅನ್ನಿಸಿಕೊಂಡದ್ದು ತೊಳೆದುಹೋಗುತ್ತದೆ. ಎಲ್ಲರ ಎದುರಿಗೆ ಜಾಡಿ ಇಟ್ಟು, ಉಸಿರೆತ್ತದೆ ಕೂರಿಸಿ, ಚಿನ್ನ ತೋರಿಸಿದರಾಯಿತು.

ಹಾಗೆ ನಗುತ್ತಾ ಇದ್ದವನ ನಗು ಇನ್ನೊಂದು ವಾರದಲ್ಲಿ ಅರ್ಧಕ್ಕೆ ನಿಂತಿತು. ಚಿನ್ನ ಕೆಂಪಾಗುತ್ತದೆ ಎಂದರೆ ಹಳಬನ ಕೆಂಪು ಹುಳವೂ ಹೆದರಿದ ಚಿನ್ನವೇ ಅಲ್ಲವೆ? ಹಾಗಾದರೆ ತನ್ನ ಕಿರಿಯಂಚಿನ ಚಿನ್ನ ಹೊಸದೇನೂ ಅಲ್ಲ. ಹಳಬನದೇ. ಅವನು ಹಣೆ ಚಚ್ಚಿಕೊಂಡ. ಅಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಒಂದು ಮಧ್ಯಾಹ್ನ ಜಾಡಿಯಲ್ಲಿ ಅಗಲ ಅಂಚಿನದೊಂದು ಎಲೆ ಮೇಯುತ್ತಿತ್ತು. ಅದು ಮಾವನ ಪ್ರಭೇದ, ಅತ್ತೆಯ ಹೆಸರಿನದು. ಕಿರಿಯಂಚಿನದೊಂದು ಹಿಂದಿನಿಂದ ಬಂದು ಅದರ ಬೆನ್ನೇರಿತು. ಕಿಡಿ ಮೊದಲು ನಾಚಿಕೊಂಡ, ಆಮೇಲೆ ಬೆಚ್ಚಿದ. ಅಗಲ ಅಂಚಿನದು ಎಲೆಯ ಕೆಳಗೆ ಮೊಟ್ಟೆಯಿಟ್ಟಿತು. ಮೊಟ್ಟೆಯೊಡೆದು ಮರಿಗಳು ಬಂದವು. ಮುಳ್ಳುಮೈ ಮರಿಗಳು, ಬಾಲದ ಕವಲುಕೋಲಿನ ಮೇಲೆ ತಮ್ಮದೇ ಹಿಕ್ಕೆಯನ್ನು ಗುಪ್ಪೆ ಮಾಡಿ ಕೊಡೆಯಂತೆ ತಲೆಯ ಮೇಲೆ ಹಿಡಿದುಕೊಂಡವು. ಇರುವೆ ಹತ್ತಿರ ಬಂದರೆ ಆ ಕೊಡೆಯಿಂದಲೇ ಏಟು. ಕಿಡಿಗೆ ಅವುಗಳ ಸ್ವಭಾವ ತುಂಬಾ ಹಿಡಿಸಿತು. ಮರಿಗಳು ಬೆಳೆದು, ಎಲೆಗೆ ಅಂಟಿಕೊಂಡು ಮಲಗಿ, ಒಂದೊಂದಾಗಿ ಹೊಸ ಜೀರುಂಡೆಗಳಾಗಿ ಎದ್ದವು. ಒಂದೇ ತಾಯಿಯ ಮಕ್ಕಳು. ಕೆಲವಕ್ಕೆ ಅಂಚು ಕಿರಿದು, ಕೆಲವಕ್ಕೆ ಅಗಲ.

ಕಿರಿದು ಗಂಡು, ಅಗಲ ಹೆಣ್ಣು. ಎರಡು ಪ್ರಭೇದವೂ ಇಲ್ಲ, ಮೂರೂ ಇಲ್ಲ, ಇರುವುದು ಒಂದೇ. ಒಂದೇ ಹುಳಕ್ಕೆ ಎರಡು ಹೆಸರಿದ್ದರೆ ಮೊದಲು ಇಟ್ಟದ್ದು ನಿಲ್ಲಬೇಕು, ಆಮೇಲಿನದು ಬಿದ್ದುಹೋಗಬೇಕು. ಅದು ಜಗತ್ತಿನ ಎಲ್ಲ ಹುಳದವರೂ ತಲೆಬಾಗುವ ನಿಯಮ. ಹಳಬನ ಹೆಸರು ಮೊದಲಿನದು. ಬೀಳುವುದು ಅತ್ತೆಯ ಹೆಸರು.

ಕೈಗೆ ಸಿಕ್ಕಿದ್ದು ಎಂಥ ಸೇಡು ಎಂದು ಕಿಡಿಗೆ ತಕ್ಷಣ ಹೊಳೆಯಿತು. ಗುಂಡಿ ಅಂದಿರಲ್ಲ ಮಾವ, ಹೆಣ್ಣು ಯಾವುದು ಗಂಡು ಯಾವುದು ಅಂತ ಗೊತ್ತಾಗದೆ ಒಂದೇ ಹುಳಕ್ಕೆ ಎರಡನೇ ಹೆಸರಿಟ್ಟುಕೊಂಡು ಇಷ್ಟು ವರ್ಷ ಮೆರೆದವರು ಯಾರು? ಈ ಮಾತನ್ನು ಅವನು ಕನ್ನಡಿಯ ಮುಂದೆ ಹೇಳಿ ನೋಡಿದ. ಬಸ್ಸಿನಲ್ಲಿ ಮನಸ್ಸಿನೊಳಗೇ ಹೇಳಿಕೊಂಡು ಹಲ್ಲು ಕಿರಿದ. ಕಂಡಕ್ಟರು ಎರಡು ಸಲ ತಿರುಗಿ ನೋಡಿದ. ಸಭೆಗೆ ಇನ್ನು ಎರಡು ದಿನ ಇರುವಾಗ ಊಟಕ್ಕೆ ಕೂತಿದ್ದಾಗ, ಮಾವ ಗೋಡೆಯ ಚಿತ್ರದ ಚೌಕಟ್ಟು ಸ್ವಲ್ಪ ವಾಲಿದ್ದು ನೋಡಿ ಎದ್ದರು. ಎಡಗೈಯಿಂದ ಅದನ್ನು ನೆಟ್ಟಗೆ ಮಾಡಿ, ಹಿಂದೆ ಸರಿದು ನೋಡಿ, ಇನ್ನೊಂದು ಕೂದಲೆಳೆಯಷ್ಟು ಸರಿಸಿ, ಬಂದು ಕೂತರು. ದಿನವೂ ಹಲ್ಲುಜ್ಜುವಷ್ಟು ಅಭ್ಯಾಸದ ಕೆಲಸ. ಕಿಡಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದ.

ಅವತ್ತಿಗೆ ಅವನ ಸೇಡು ಹಳಸಿತು. ಹೇಳಿದರೆ ಮಾವನ ಹೆಸರಿನ ಮುಂದೆ ಉಳಿಯುವುದು ಸೊನ್ನೆ. ಹೇಳದಿದ್ದರೆ ತನಗೆ ಹಂಡೆ, ಬುರುಡೆ, ಬ್ರಷ್ಷು. ಬರೀ ಚಿನ್ನ ತೋರಿಸಿ ಬಾಯಿ ಮುಚ್ಚಿಕೊಳ್ಳೋಣವೆಂದರೆ, ಅದು ಕೆಂಪಾಗುವುದನ್ನು ಮೇಡಂ ನೋಡಿದ ಮರುಕ್ಷಣ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮಾರನೆಯ ಬೆಳಿಗ್ಗೆ ಅವನು ಬಾಲ್ಕನಿಯಲ್ಲಿ ಜಾಡಿಗಳ ಬಲೆಬಟ್ಟೆ ಬಿಚ್ಚತೊಡಗಿದ. ಹುಳಗಳನ್ನು ಡಿಪೋದ ಗೋಡೆಗೆ ಬಿಟ್ಟು, ಮೂಳೆ ಕೋಣೆಯ ರಬ್ಬರ್ ಬೂಟು ಹುಡುಕಿಕೊಂಡರಾಯಿತು.

ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಬಂದ ಅತ್ತೆ ಬಾಗಿಲಲ್ಲೇ ನಿಂತರು. ಏನಾಯಿತೆಂದು ಕೇಳಿದರು. ಏನಿಲ್ಲ ಅಂದ. ಏನಿಲ್ಲ ಅನ್ನುವವನ ಮೂಗು ಯಾಕೆ ಕೆಂಪಗಿದೆ ಎಂದರು. ನೆಗಡಿ ಅಂದ. ಅತ್ತೆ ಬುಟ್ಟಿ ಕೆಳಗಿಟ್ಟು, ಬಾಗಿಲಿಗೆ ಅಡ್ಡವಾಗಿ ಸ್ಟೂಲು ಎಳೆದುಕೊಂಡು ಕೂತರು. ಹೇಳದೆ ಹೊರಗೆ ಹೋಗುವ ದಾರಿ ಉಳಿದದ್ದು ಮೂರನೆಯ ಮಹಡಿಯಿಂದ ಹಾರುವುದೊಂದೇ. ಕಿಡಿ ಹೇಳಿದ. ಚಿನ್ನ, ಕೆಂಪು, ಅಂಚು, ಹೆಣ್ಣು, ಗಂಡು, ನಿಯಮ, ಎಲ್ಲ ಹೇಳಿದ. ಕೊನೆಗೆ ನೆಲ ನೋಡುತ್ತಾ, ಅಂದರೆ ನಿಮ್ಮ ಹೆಸರು ಹೋಗುತ್ತೆ ಅತ್ತೆ ಎಂದ.

ಅತ್ತೆ ಜಾಡಿಯತ್ತ ಬಗ್ಗಿದರು. ಮರಿಯೊಂದು ಹಿಕ್ಕೆಯ ಕೊಡೆ ಎತ್ತಿಕೊಂಡು ಗಾಂಭೀರ್ಯದಿಂದ ಎಲೆಯ ಮೇಲೆ ನಡೆದುಹೋಯಿತು.

"ಇವು ಯಾರ ಮಕ್ಕಳು?"

"ಅದೇ... ನಿಮ್ಮ ಹೆಸರಿನದರದ್ದೇ."

"ತಲೆ ಮೇಲೆ ಹೊತ್ಕೊಂಡಿರೋದು?"

ಕಿಡಿ ಹೇಳಿದ. ಅತ್ತೆ ಇನ್ನೊಮ್ಮೆ ಬಗ್ಗಿ ನೋಡಿದರು. ಆಮೇಲೆ ಅವರಿಗೆ ನಗು ಎಲ್ಲಿಂದ ಬಂತೋ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ, ಪಕ್ಕದ ಮನೆಯವರು ಕಿಟಕಿ ತೆರೆಯುವವರೆಗೆ ನಕ್ಕರು. ನಗುವಿನ ನಡುವೆಯೇ ಹೇಳಿಕೊಂಡರು: ಮದುವೆಯಾದ ಮೊದಲ ವರ್ಷ ಎಲ್ಲರ ಗಂಡಂದಿರೂ ಏನೇನೋ ತಂದುಕೊಟ್ಟರು, ತನ್ನ ಗಂಡ ಹುಳ ತಂದುಕೊಟ್ಟರು. ಆವತ್ತಿನಿಂದ ಮನೆಗೆ ಬಂದವರೆಲ್ಲ ತನ್ನನ್ನು ನೋಡಿ, ಗೋಡೆ ನೋಡಿ, ಮತ್ತೆ ತನ್ನನ್ನು ನೋಡಿ ಹೋಲಿಕೆ ಹುಡುಕುತ್ತಾರೆ. ಅಂಚು ಅಗಲ ಎಂದು ಗಂಡ ಬೇರೆ ಎಲ್ಲರಿಗೂ ವಿವರಿಸುವುದು. ಮಕ್ಕಳ ಈ ಸಂಗತಿಯನ್ನು ಮಾತ್ರ ಆ ಮನುಷ್ಯ ಇಷ್ಟು ವರ್ಷ ಬಾಯಿಬಿಟ್ಟಿರಲಿಲ್ಲ.

ನಕ್ಕು ನಕ್ಕು ಸುಸ್ತಾದ ಮೇಲೆ ಕಣ್ಣು ಒರೆಸಿಕೊಂಡು ತುಸು ಹೊತ್ತು ಬಕೆಟ್ಟಿನ ಬಳ್ಳಿಯನ್ನೇ ನೋಡಿದರು.

"ನನ್ನ ಹೆಸರು ಗ್ಯಾಸ್ ಬಿಲ್ಲಲ್ಲಿದೆ, ನನಗೆ ಅಷ್ಟು ಸಾಕು. ಇಲ್ಲದ ಹುಳಕ್ಕೆ ಅದನ್ನ ಯಾಕೆ ಅಂಟಿಸಿಡ್ಬೇಕು? ನೀನು ಹೇಳ್ತೀಯೋ, ನಾನೇ ಹೇಳ್ಲೋ?"

ನಾನೇ ಹೇಳುತ್ತೇನೆ ಎಂದ ಕಿಡಿ. ಸಭೆಯಲ್ಲಿ ಬೇಡ, ಮೊದಲು ಮಾವನಿಗೊಬ್ಬರಿಗೇ.

ಬಟ್ಟೆ ಮಡಚಿಸುವುದಿಲ್ಲ ಎಂದು ಅತ್ತೆ ಮಾತು ಕೊಟ್ಟ ಮೇಲೆಯೇ ಮಾವ ಬಾಲ್ಕನಿಗೆ ಕಾಲಿಟ್ಟದ್ದು. ಕಿಡಿ ಜಾಡಿ ತೋರಿಸಿದ. ಮಾವ ಮಸೂರ ಹಿಡಿದರು. ಚಿನ್ನ, ಕಿರಿದಾದ ಅಂಚು. ಹುಬ್ಬು ಮೇಲೇರಿತು. ಬೆರಳು ತಾಗಿಸಿ ಅಂದ ಕಿಡಿ. ತಾಗಿಸಿದರು. ಅವರ ಮೂಗಿನ ಕೆಳಗೇ ಚಿನ್ನ ಕರಗಿ ಕೆಂಪಾಯಿತು. ಮಾವ ಬಕೆಟ್ಟನ್ನು ಸರಿಸಿ, ಸ್ಟೂಲಿನ ಮೇಲೆ ಕೂತರು. ಕೆಂಪು ಮತ್ತೆ ಚಿನ್ನವಾಗುವವರೆಗೆ ಕಣ್ಣು ಮಿಟುಕಿಸಲಿಲ್ಲ. ಅತ್ತೆ ಪಕ್ಕದಲ್ಲಿಟ್ಟ ಚಹಾ ಆರಿ ಕೆನೆ ಕಟ್ಟಿತು.

"ಅಂಚು?" ಎಂದು ಕೇಳಿದರು, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ.

ಕಿಡಿ ಎರಡನೆಯ ಜಾಡಿಯನ್ನು ಮುಂದಿಟ್ಟ. ಅದರಲ್ಲಿ ಜೋಡಿ ಇತ್ತು. ಮೂರನೆಯದನ್ನು ಇಟ್ಟ. ಅದರಲ್ಲಿ ಮಕ್ಕಳಿದ್ದರು. ಮಾವ ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು, ಶೂ ಹಾಕಿಕೊಂಡು, ಅತ್ತೆ ಕರೆದರೂ ತಿರುಗದೆ ಮೆಟ್ಟಿಲಿಳಿದು ಹೋದರು. ಮುಗೀತು ಎಂದುಕೊಂಡ ಕಿಡಿ. ಅವತ್ತು ಅವನು ಬೇರೆ ಬಸ್ಸಿನಲ್ಲಿ ಹೋದ. ಇಡೀ ದಿನ ಮಾವ ಬಾಗಿಲು ಹಾಕಿಕೊಂಡು ಸೂಕ್ಷ್ಮದರ್ಶಕದ ಕೋಣೆಯಲ್ಲಿ ಕೂತಿದ್ದರು. ಒಳಗೆ ಇಕ್ಕಳದ ಸದ್ದು ಮಾತ್ರ ಕೇಳುತ್ತಿತ್ತು.

ಸಭೆಯ ದಿನ ಮತ್ತೆ ಅದೇ ಉದ್ದನೆಯ ಮೇಜು, ಅದೇ ಚಹಾ. ಮೇಡಂ ಕಿಡಿಯ ಕಡೆ ನೋಡುವಷ್ಟರಲ್ಲಿ ಮಾವ ಎದ್ದು ನಿಂತರು. ನನ್ನ ಪ್ರಭೇದ ನಿನ್ನೆ ತೀರಿಕೊಂಡಿತು, ಕೊಂದವನು ನಾನೇ ಎಂದು ಶುರು ಮಾಡಿದರು. ಎಲ್ಲವನ್ನೂ ಬಿಡಿಸಿ ಹೇಳಿದರು. ಚಿಕ್ಕ ವಯಸ್ಸಿನಲ್ಲಿ ಎಲೆಯ ಮೇಲೆ ನೆಮ್ಮದಿಯಾಗಿ ಮೇಯುತ್ತಿದ್ದ ಅಗಲ ಅಂಚಿನವನ್ನು ಕುಂಚದಿಂದ ಮೆಲ್ಲಗೆ ಸೀಸೆಗೆ ಇಳಿಸಿದ್ದು. ಸಂದಿಯಲ್ಲಿ ಅವಿತಿದ್ದ ಕಿರಿಯಂಚಿನವನ್ನು ಕೋಲಿನಿಂದ ಬಡಿದು, ತಲೆಕೆಳಗಾಗಿ ಹಿಡಿದ ಕೊಡೆಗೆ ಬೀಳಿಸಿದ್ದು. ಮೊದಲಿನವು ಚಿನ್ನವಾಗಿ ಕಂಡವು, ಎರಡನೆಯವು ಹೆದರಿ ಕೆಂಪಾಗಿದ್ದವು. ಹೊಟ್ಟೆ ಕೊಯ್ದು ನೋಡಿದ್ದರೆ ಹೆಣ್ಣು ಗಂಡು ಒಂದೇ ದಿನದಲ್ಲಿ ಗೊತ್ತಾಗುತ್ತಿತ್ತು. ಎಲ್ಲ ಹುಳಗಳನ್ನೂ ಕೊಯ್ದವರು ಅದೊಂದನ್ನು ಮಾತ್ರ ನಿನ್ನೆಯವರೆಗೂ ಕೊಯ್ದಿರಲಿಲ್ಲ.

"ಯಾಕೆ ಸರ್?" ಎಂದರು ಮೇಡಂ.

"ಹೊಸದಾಗಿ ಮದುವೆಯಾದವನು ಮೇಡಂ. ಹೆಂಡತಿ ಹೆಸರು ಇಡಬೇಕು ಅಂತ ಮೊದಲೇ ಮನಸ್ಸಲ್ಲಿತ್ತು. ಆ ಹುಳಕ್ಕೆ ಬ್ಲೇಡ್ ಹಾಕೋಕೆ ಕೈ ಬರಲಿಲ್ಲ."

ಮೊದಲು ಯಾರೂ ನಗಲಿಲ್ಲ. ಮಾವ ತಾವೇ ನಕ್ಕ ಮೇಲೆ ಇಡೀ ಮೇಜು ನಕ್ಕಿತು. ಮುಂದುವರಿದು ಮಾವ, ಈ ಹುಡುಗ ನೋಡಿದ್ದು ಚಿನ್ನವೇ, ಅವನ ಕಣ್ಣು ಸರಿಯಿದೆ, ಸರಿಯಿಲ್ಲದ್ದು ಬಾಯಿ ಎಂದರು. ಹೊಸ ಪ್ರಭೇದ ಎಂದು ಕುಣಿದದ್ದು ಮಾತ್ರ ಶುದ್ಧ ಅವಿವೇಕ, ಅದನ್ನೂ ಬರೆದುಕೊಳ್ಳಿ ಎಂದು ಸೇರಿಸಿದರು. ಮೇಡಂ ಕಿಡಿ ತಂದಿಟ್ಟಿದ್ದ ಜಾಡಿಯನ್ನು ಹತ್ತಿರಕ್ಕೆಳೆದು, ಹುಳ ಕೆಂಪಾಗಿ ಚಿನ್ನವಾಗುವುದನ್ನು ಮಕ್ಕಳ ಹಾಗೆ ಮೂರು ಸಲ ಮಾಡಿ ನೋಡಿದರು. ಆಮೇಲೆ, ಎರಡು ಡ್ರಾಯರಿನ ಹುಳಗಳನ್ನು ಒಂದೇ ಹೆಸರಿನ ಕೆಳಗೆ ಸೇರಿಸುವ ಕೆಲಸ ಇವತ್ತೇ ಶುರುವಾಗಲಿ, ಕೆಡವಿದವನೇ ಕಟ್ಟಲಿ, ಕುರ್ಚಿ ಅಲ್ಲೇ ಇರಲಿ ಎಂದು ಕಿಡಿಗೆ ಹೇಳಿದರು.

ಮಾವ ಬೀರುವಿನಿಂದ ತಮ್ಮ ಡ್ರಾಯರನ್ನು ತಾವೇ ಎಳೆದು ತಂದು ಕಿಡಿಯ ಚಾಚಿದ ಕೈಗಳ ಮೇಲಿಟ್ಟರು. ಗಾಜಿನ ಮುಚ್ಚಳ ತೆಗೆದಿತ್ತು. ಸಾಲುಸಾಲು ಸೂಜಿ, ಸೂಜಿಯ ತುದಿಗೊಂದು ಒಣ ಎಲೆಯ ಬಣ್ಣದ ಹೆಣ್ಣು. ಒಂದು ಜೋರು ಉಸಿರು ಬಿದ್ದರೆ ಕಾಲು, ಮೀಸೆ ಉದುರುವಷ್ಟು ಒಣಗಿದವು.

ಚಿಟ್ಟೆಸಾಹೇಬರಿಗೆ ಸುಮ್ಮನಿರಲಾಗಲಿಲ್ಲ. ಲೋಟ ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು:

"ಒಟ್ಟು ಲೆಕ್ಕ ಏನಪ್ಪ ಹಾಗಾದ್ರೆ? ಮಾವ ಒಂದು ಪ್ರಭೇದ ಹುಡುಕಿ ಕಳ್ಕೊಂಡ್ರು, ಅಳಿಯ ಹುಡುಕೋ ಮೊದಲೇ ಕಳ್ಕೊಂಡ. ನಿಮ್ಮ ಮನೆತನದಲ್ಲಿ ಇದು ಎಷ್ಟು ತಲೆಮಾರಿಂದ ನಡ್ಕೊಂಡು ಬಂದಿದೆ?"

ಎಲ್ಲರೂ ಕಿಡಿಯತ್ತ ತಿರುಗಿದರು. ಮೇಡಂ ಜಾಡಿಯನ್ನು ಮೇಜಿನ ಅಂಚಿನಿಂದ ಒಳಕ್ಕೆ ಸರಿಸಿದರು. ಮಾವ ಒಂದು ಹೆಜ್ಜೆ ಹಿಂದೆ ಹೋದರು. ಅವನ ಕಿವಿಗಳಿಗೆ ಬಣ್ಣ ಏರುವುದು ಎಲ್ಲರಿಗೂ ಕಂಡಿತು. ಉತ್ತರವೂ ನಾಲಿಗೆಯ ತುದಿಗೆ ಬಂದಿತ್ತು. ಚಿಟ್ಟೆಸಾಹೇಬರು ವಾರಗಟ್ಟಲೆ ನಿದ್ದೆಗೆಡುವಂಥ ಉತ್ತರ. ಅವನು ತುಟಿ ಬಿಗಿಹಿಡಿದು, ಮೂಗಿನಿಂದ ಮೆಲ್ಲಗೆ ಉಸಿರುಬಿಟ್ಟು, ಡ್ರಾಯರನ್ನು ಎದೆಯ ಮಟ್ಟಕ್ಕೆ ಸಮನಾಗಿ ಹಿಡಿದು ತಿರುಗಿದ. ತುಂಬಿದ ಬಟ್ಟಲು ಒಯ್ಯುವವನ ಹಾಗೆ ಹೆಜ್ಜೆ ಅಳೆದು ಅಳೆದು ಇಡುತ್ತಾ, ಬಾಗಿಲನ್ನು ಮೊಣಕೈಯಿಂದ ನೂಕಿ, ಓರೆಯಾಗಿ ದಾಟಿ, ತನ್ನ ಮೇಜಿನ ಕಡೆ ನಡೆದ.